ಒಂದಕ್ಕೆ ಹನ್ನೆರಡರ ಏರು

ದಕ್ಷಿಣ ಕನ್ನಡದ ಬೆಳ್ಳಾರೆಗೂ ಪಂಜಕ್ಕೂ ನಡುವಿನ ಒಂದು ಗ್ರಾಮದಲ್ಲಿ, ರಸ್ತೆಯ ಅಂಚಿನಿಂದ ಕಡಿದಾಗಿ ಕೆಳಗಿಳಿದು ತೋಟದ ತಲೆಯಲ್ಲಿ ನೆಲೆನಿಂತ ಮನೆಯೊಂದರ ಹಟ್ಟಿಯ ಮಾಡಿನಡಿ, ಗಾಲಿಕುರ್ಚಿಯ ಮೇಲೆ ಎದೆಯೆತ್ತರಕ್ಕೆ ಅಡಿಕೆಹಾಳೆಯನ್ನು ಪೇರಿಸಿಟ್ಟುದನ್ನು ನಾನು ಕಂಡೆ. ವಿಶೇಷ ಶಿಕ್ಷಕರ ತರಬೇತಿಯ ವಿಚಾರವಾಗಿ ಯಾರು ಎಲ್ಲಿ ಏನು ಮಾತನಾಡಿದರೂ ಅಂದಿನಿಂದ ನನ್ನ ಕಣ್ಣೆದುರು ಮೊದಲು ಬಂದು ನಿಲ್ಲುವುದು ಆ ಹಾಳೆಯ ಅಟ್ಟಿಯೇ. ಕುರ್ಚಿ ಹೊಸದು, ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಯಾವುದೋ ಶಿಬಿರದಲ್ಲಿ, ಭಾಷಣ ಮತ್ತು ಫೋಟೋಗಳು ಮುಗಿದ ತರುವಾಯ, ಆ ಮನೆಯ ಹನ್ನೊಂದು ವರ್ಷದ ಹುಡುಗನಿಗೆಂದು ಕೊಟ್ಟದ್ದು ಅದು. ಹುಡುಗನ ಸೋದರಮಾವ ಅದನ್ನು ಮಡಚಿ, ತಲೆಯ ಮೇಲೆ ಹೊತ್ತು ಕೆಳಗಿಳಿಸಿದನಂತೆ. ಆ ಮೇಲೆ ಅದು ರಸ್ತೆಯನ್ನು ಕಂಡದ್ದಿಲ್ಲ.

"ಹಾಳೆ ಮಳೆಗೆ ಒದ್ದೆ ಆಗಬಾರದಲ್ಲ ಟೀಚರೇ, ಅದಕ್ಕೆ ಅದರ ಮೇಲಿಟ್ಟೆ. ಗಾಲಿ ಇರುವ ಕಾರಣ ಆಚೆ ಈಚೆ ದೂಡ್ಲಿಕ್ಕೂ ಸುಲಭ" ಎಂದರು ಅಜ್ಜಿ. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಸಂಕೋಚವೂ ಇರಲಿಲ್ಲ. ಕೈಗೆ ಬಂದ ವಸ್ತುವನ್ನು ಅದು ಸಲ್ಲುವ ಕೆಲಸಕ್ಕೆ ಹಚ್ಚುವ ಗೃಹಿಣಿಯ ವಿವೇಕವಷ್ಟೇ ಇತ್ತು.

ಟೀಚರ್ ಎಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಿಂದ ಊರೂರಿಗೆ ಹೋಗುವ, ಇಲಾಖೆಯ ಭಾಷೆಯಲ್ಲಿ ಬಿಐಇಆರ್‌ಟಿ ಎಂದು ಕರೆಸಿಕೊಳ್ಳುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ಶಾಲೆಗೆ ಬರಲಾರದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೆಂಬ ವ್ಯವಸ್ಥೆಯಿದೆ. ಅದರಂತೆ ಒಂದು ಶನಿವಾರದ ಅಪರಾಹ್ನ ಆ ಹುಡುಗನ ಮನೆಗೆ ಹೊರಟ ಅವರ ಹಿಂದೆ ನಾನೂ ಮೆಟ್ಟಿಲಿಳಿದಿದ್ದೆ. ಮುರಕಲ್ಲಿನ ಮೆಟ್ಟಿಲುಗಳು 40. ಆಟಿಯ ಮಳೆಗೆ ಅವುಗಳ ಮೇಲೆ ಪಾಚಿ ಹಿಡಿದು, ಎರಡು ಕಾಲೂ ನೆಟ್ಟಗಿರುವವರು ಕೂಡ ಹೆಬ್ಬೆರಳೂರಿ ಇಳಿಯಬೇಕಾಗಿತ್ತು. ಟೀಚರು ಓದಿದ ಪಠ್ಯದಲ್ಲಿ ಗಾಲಿಕುರ್ಚಿಯ ಇಳಿಜಾರಿಗೆ ಒಂದು ಲೆಕ್ಕವಿದೆ: ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರವನ್ನೇರಲು ಹನ್ನೆರಡು ಅಡಿ ಉದ್ದದ ದಾರಿ ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿಯಲ್ಲಿ ಕುಳಿತವನು ತನ್ನ ತೋಳಬಲದಿಂದ ಏರಲಾರ, ಇಳಿಯುವಾಗ ತಡೆದುಕೊಳ್ಳಲಾರ. ಅನೇಕ ದೇಶಗಳು ಒಪ್ಪಿ ನಡೆಸುತ್ತಿರುವ, ನಮ್ಮ ದೇಶದ ಕಟ್ಟಡದ ಮಾರ್ಗಸೂಚಿಯಲ್ಲೂ ಬಂದಿರುವ ಪ್ರಮಾಣವಿದು. ಮೆಟ್ಟಿಲಿಗೆ ಅರ್ಧ ಅಡಿಯಂತೆ 40 ಮೆಟ್ಟಿಲಿಗೆ 20 ಅಡಿ. ಅದನ್ನೇರಲು 240 ಅಡಿ ಇಳಿಜಾರು, ನಡುನಡುವೆ ನಿಂತು ಉಸಿರಾಡಲು ಮಟ್ಟಸವಾದ ಜಾಗ ಬೇರೆ. ಅಷ್ಟುದ್ದದ ದಾರಿ ಮಾಡಬೇಕಾದರೆ ಮನೆಯ ಹಿಂದಣ ಬರೆಯನ್ನು ಕಡಿಯಬೇಕು. ಕಡಿದ ಬರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಒಂದಲ್ಲ ಒಂದು ರಾತ್ರಿ ಮನೆಯ ಮೇಲೆಯೇ ಬಂದು ಕೂರುವುದು.

ಲೆಕ್ಕ ತಪ್ಪೆಂದು ಇದರ ಅರ್ಥವಲ್ಲ. ಆ ಲೆಕ್ಕದ ಹಿಂದೆ ಒಂದು ದೊಡ್ಡ ವಿಚಾರವಿದೆ, ಅದು ಲೋಕಕ್ಕೆ ಹೊಳೆಯಲು ಬಹುಕಾಲ ಹಿಡಿಯಿತು. ನಡೆಯಲಾರದವನ ಕಷ್ಟಕ್ಕೆ ಕಾರಣ ಅವನ ಕಾಲೊಂದೇ ಅಲ್ಲ, ಅವನೆದುರಿನ ಮೆಟ್ಟಿಲೂ ಹೌದು; ಕಾಲನ್ನು ಸರಿಪಡಿಸಲು ಸಾಧ್ಯವಿಲ್ಲದಿದ್ದಾಗ ಮೆಟ್ಟಿಲನ್ನು ಸರಿಪಡಿಸುವ ಹೊಣೆ ಮೆಟ್ಟಿಲು ಕಟ್ಟಿದ ಸಮಾಜದ್ದು ಎಂಬುದೇ ಆ ವಿಚಾರ. 1994ರಲ್ಲಿ ಸ್ಪೇನಿನ ಸಾಲಮಾಂಕಾ ನಗರದಲ್ಲಿ 92 ಸರಕಾರಗಳ ಪ್ರತಿನಿಧಿಗಳು ನೆರೆದು ಸಾಮಾನ್ಯ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರತಕ್ಕದ್ದೆಂದು ಘೋಷಿಸಿದರು. 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಸ್ಥಿರೀಕರಿಸಿತು. ಅದರ ಫಲವಾಗಿ ಬಂದ 2016ರ ಕಾಯಿದೆ ಹಿಂದಿನ 1995ರ ಕಾಯಿದೆಯ ಏಳು ವಿಧದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಮಗುವಿಗೆ ಬೇಕಾದ ಯುಕ್ತ ಹೊಂದಾಣಿಕೆಯನ್ನು ಮಾಡಿಕೊಡುವುದು ಶಾಲೆಯ ಔದಾರ್ಯವಲ್ಲ, ಕರ್ತವ್ಯವೆಂದು ವಿಧಿಸಿತು. ದೃಷ್ಟಿಹೀನರಿಗೆ ಓದಲು ಬರುವ ರೂಪದಲ್ಲಿ ಪುಸ್ತಕಗಳನ್ನು ಒದಗಿಸುವ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಪ್ರಪ್ರಥಮವಾಗಿ ಸ್ಥಿರೀಕರಿಸಿದ ದೇಶ, 2014ರಲ್ಲಿ, ನಮ್ಮದೇ. ಕಾಗದದಲ್ಲಿ ನಾವು ಯಾವ ದೇಶಕ್ಕೂ ಹಿಂದಿಲ್ಲ.

ಹೀಗಿರುವಾಗ ಶಿಕ್ಷಕರ ತರಬೇತಿಯಲ್ಲಿ ‘ಜಾಗತಿಕ ದೃಷ್ಟಿ’ ಇರಬೇಕೆಂಬ ಮಾತು ಬಂದೊಡನೆ, ವಿದೇಶದ ಯಾವುದೋ ಶಾಲೆಯ ವಿಶಾಲವಾದ ಹಜಾರ, ಹೊಳೆಯುವ ನೆಲ, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಬಾಗಿಲುಗಳ ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿ ತೋರಿಸುವುದು ರೂಢಿಯಾಗಿದೆ. ಅಂಥ ಚಿತ್ರಗಳಿಂದ ತರುಣ ಶಿಕ್ಷಕಿಗೆ ಆಗುವ ಲಾಭ ನನಗಂತೂ ಸಂಶಯಾಸ್ಪದ. ತನ್ನ ಊರು ನಾಚಿಕೆಗೇಡಿನದೆಂಬ ಭಾವನೆಯನ್ನು ಹೊತ್ತು ಆಕೆ ಬಸ್ಸು ಹತ್ತುವಳು. ಜಗತ್ತನ್ನು ಗುಡ್ಡದ ಮೇಲೆ ಕುಳಿತು ನೋಡುವ ಬೇರೊಂದು ರೀತಿ ಪುತ್ತೂರಿಗೆ ಅಪರಿಚಿತವೇನೂ ಅಲ್ಲ. ಪರ್ಲಡ್ಕದ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸುತ್ತ, ಅದೇ ಉಸಿರಿನಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಬರೆದು ಭೂಮಂಡಲದ ವಿಷಯಗಳನ್ನೆಲ್ಲ ಕನ್ನಡದ ಮಗುವಿನ ಅಂಗಳಕ್ಕೆ ತಂದಿಳಿಸಿದ ಶಿವರಾಮ ಕಾರಂತರಿಗೆ ಊರಿನ ತೋಡಿಗೂ ಹೊರಗಣ ಸಾಗರಕ್ಕೂ ವೈರವಿದ್ದಂತೆ ತೋರಲಿಲ್ಲ.

ಇನ್ನೂ ಒಂದು ಕಾರಣದಿಂದ ಈ ಸೀಮೆಯ ಶಿಕ್ಷಕನು ಲೋಕದ ಮುಂದೆ ಕೈಚಾಚಿ ನಿಲ್ಲಬೇಕಾದುದಿಲ್ಲ. ಗೇರುಗಿಡದ ಟೀ ಸೊಳ್ಳೆಯನ್ನು ಕೊಲ್ಲಲೆಂದು ಕಾಸರಗೋಡಿನ ಕಡೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳವೂ ಇತ್ತ ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಗುಡ್ಡಗುಡ್ಡಗಳ ಮೇಲೆ ಎಂಡೋಸಲ್ಫಾನ್ ಸುರಿದವು. ಗುಡ್ಡದ ಮೇಲೆ ಬಿದ್ದದ್ದು ಬೈಲಿಗೆ ಇಳಿಯದೆ ಇರುವುದಿಲ್ಲ. ತೆರೆದ ಬಾವಿ, ತೋಡು, ಸುರಂಗದ ನೀರನ್ನೇ ಕುಡಿಯುವ ಊರುಗಳಿವು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವಿಕೃತಾಂಗಗಳೊಡನೆ ಹುಟ್ಟುತ್ತಿದ್ದ ಕರುಗಳನ್ನು ಕಂಡು 1980ರ ದಶಕದ ಆದಿಯಲ್ಲೇ ಬರೆದವರು, ಮುಂದೆ ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯ ಮೂಲಕ ನಾಡಿಗೆಲ್ಲ ಪರಿಚಿತರಾದ ಪತ್ರಕರ್ತ ಶ್ರೀಪಡ್ರೆ. ಕರುಗಳಲ್ಲಿ ಕಂಡದ್ದು ಶಿಶುಗಳಲ್ಲೂ ಕಾಣುತ್ತಿದೆಯೆಂದು ಮನೆಮನೆ ತಿರುಗಿ ದಾಖಲಿಸಿದವರು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದು ಅಧ್ಯಯನ ನಡೆಸಿದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ನೆರೆದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಡೆಯಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಉತ್ಪಾದನೆ ಮತ್ತು ಬಳಕೆಯನ್ನು ಮಧ್ಯಂತರ ಆಜ್ಞೆಯಿಂದ ತಡೆಯಿತು. ತುಳು, ಕನ್ನಡ, ಮಲೆಯಾಳಗಳನ್ನು ಕಲಸಿ ಮಾತಾಡುವ ಒಂದು ಮೂಲೆಯ ಗುಡ್ಡದ ಜನ ತಮ್ಮ ಮಕ್ಕಳ ಶರೀರವನ್ನೇ ಸಾಕ್ಷ್ಯವಾಗಿಟ್ಟು ಲೋಕಕ್ಕೆ ಒಂದು ಪಾಠವನ್ನು ಕಲಿಸಿದರು. ಜಾಗತಿಕ ದೃಷ್ಟಿಯೆಂಬುದು ಇಮ್ಮುಖ ಸಂಚಾರವಾದರೆ, ಇಲ್ಲಿಂದ ಅತ್ತ ಹೋದ ಸರಕು ಇದು.

ಯಾವ ಮಗುವಿನ ಯಾವ ವೈಕಲ್ಯಕ್ಕೆ ಆ ವಿಷವೇ ಕಾರಣ, ಯಾವುದಕ್ಕಲ್ಲ ಎಂಬ ವಾದ ಪಂಡಿತರ ನಡುವೆ ನಡೆದೇ ಇದೆ. ಪರಿಹಾರದ ಹಣ ಆ ವಾದದ ಮೇಲೆ ನಿಂತಿರುವುದರಿಂದ ಅದು ಅಲ್ಪ ಸಂಗತಿಯಲ್ಲ. ಆದರೆ ಶಿಕ್ಷಕಿಯ ಮುಂದೆ ಚಾಪೆಯ ಮೇಲೆ ಮಲಗಿರುವ ಮಗು ಕಾರಣದ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಬಂದಿಲ್ಲ. ಕೊಕ್ಕಡದಲ್ಲಿ, ಕೊಯಿಲದಲ್ಲಿ ಎಂಡೋಸಲ್ಫಾನ್ ಬಾಧಿತರಿಗಾಗಿ ಪಾಲನಾ ಕೇಂದ್ರಗಳಾದವು. ಅವುಗಳಿಂದ ಬಂದ ಉಪಕಾರವನ್ನು, ವಿಶೇಷವಾಗಿ ಹಗಲಿನ ಕೆಲವು ತಾಸಾದರೂ ತಾಯಂದಿರ ಕೈ ಬಿಡುವಾದುದನ್ನು, ಅಲ್ಲಗಳೆಯುವವನು ಕೃತಘ್ನ. ಆದರೂ ‘ಪಾಲನೆ’ ಎಂಬ ಶಬ್ದ ನನ್ನನ್ನು ಕಾಡುತ್ತದೆ. ಪಾಲನೆಯೆಂದರೆ ಉಣಿಸುವುದು, ಮೀಯಿಸುವುದು, ಬೀಳದಂತೆ ನೋಡಿಕೊಳ್ಳುವುದು. ಶಿಕ್ಷಣವೆಂದರೆ ಇಂದು ಮಾಡಲಾರದ ಒಂದನ್ನು ನಾಳೆ ಮಾಡುವಂತಾಗುವುದು. ತಟ್ಟೆಯಿಂದ ಬಾಯಿಗೆ ಕೈ ಒಯ್ಯಲು ಎರಡು ವರ್ಷ ಕಲಿತ ಮಗು ಶಿಕ್ಷಣವನ್ನೇ ಪಡೆದಿದೆ. ಅದು ಶಿಕ್ಷಣವೆಂದು ಗುರುತಿಸಬಲ್ಲ ಕಣ್ಣು, ಆ ಎರಡು ವರ್ಷವನ್ನು ಇಪ್ಪತ್ತು ಚಿಕ್ಕ ಹೆಜ್ಜೆಗಳಾಗಿ ಒಡೆಯಬಲ್ಲ ಕೈ, ಇವೆರಡು ಇರುವವರನ್ನೇ ನಾವು ವಿಶೇಷ ಶಿಕ್ಷಕರೆನ್ನಬೇಕಾದುದು. ಪಾಲಕರು ಬೇಕಾದಷ್ಟು ಸಿಗಬಹುದು. ಈ ಕಣ್ಣು ಮತ್ತು ಕೈ ತರಬೇತಿಯಿಲ್ಲದೆ ಬರುವುದಿಲ್ಲ.

ತರಬೇತಿ ಬಂದರೂ ಅದು ಯಾವ ಭಾಷೆಯಲ್ಲಿ ಬಂದಿತೆಂಬುದು ಇಲ್ಲಿ ಗಂಭೀರವಾದ ಪ್ರಶ್ನೆಯಾಗುತ್ತದೆ. ಮಾತು ಬಾರದ ಮಗುವಿಗೆ ಚಿತ್ರದ ಹಲಗೆ ಕೊಡುವ ಪದ್ಧತಿಯಿದೆ: ಹಸಿವಾದರೆ ಅನ್ನದ ಚಿತ್ರ ಮುಟ್ಟಬೇಕು, ಟೀಚರು ‘ಅನ್ನ’ ಎಂದು ಉಚ್ಚರಿಸಿ ತೋರಿಸಬೇಕು. ಪುತ್ತೂರಿನಿಂದ ಸುಬ್ರಹ್ಮಣ್ಯದ ತನಕ ಒಂದು ದಿನ ಮನೆಮನೆ ಹೊಕ್ಕು ನೋಡಿ. ತುಳುವರ ಮನೆಯ ಮಗುವಿಗೆ ಅದು ನುಪ್ಪು; ಹವ್ಯಕರ ಮಗುವಿಗೆ ಅಶನ; ಕೊಂಕಣಿಯ ಮನೆಯಲ್ಲಿ ಶೀತ; ಮಲೆಯಾಳದಲ್ಲಿ ಚೋರು; ಸುಳ್ಯದ ರಬ್ಬರು ತೋಟದ ತಮಿಳರ ಲೈನುಮನೆಯಲ್ಲಿ ಸೋರು. ಬ್ಯಾರಿ ಭಾಷೆ, ಅರೆಭಾಷೆ, ಮರಾಠಿಗಳು ಬೇರೆ. ಕಿವಿಯೂ ಬುದ್ಧಿಯೂ ಚುರುಕಾಗಿರುವ ಮಗು ಶಾಲೆಗೆ ಬಂದ ಆರು ತಿಂಗಳಲ್ಲಿ ಈ ಕಾಲುವೆಯನ್ನು ತಾನೇ ಹಾರಿಬಿಡುತ್ತದೆ; ಹಾರಲಾರದ ಮಗುವನ್ನು ಆಚೆ ದಾಟಿಸುವುದಕ್ಕಾಗಿಯೇ ಬಂದ ಶಿಕ್ಷಕಿ, ಮೊದಲು ತಾನು ಈಚೆ ಬರಬೇಕು. ಕಾಸರಗೋಡಿನ ಕನ್ನಡದ ಮನೆಗಳ ಮಕ್ಕಳು, ವಿಶೇಷ ಮಕ್ಕಳಿಗಾಗಿ ಪಂಚಾಯತು ನಡೆಸುವ ಬಡ್ಸ್ ಶಾಲೆಗೆ ಹೋದಾಗ ಎದುರಾಗುವುದೂ ಇದೇ ತೊಡಕು, ದಿಕ್ಕು ಮಾತ್ರ ಬೇರೆ.

ಬುದ್ಧಿಯನ್ನು ಅಳೆಯುವ ಕ್ರಮದಲ್ಲೂ ಈ ಮಾತು ಸಲ್ಲುತ್ತದೆ. ಪ್ಯಾರಿಸಿನ ಶಾಲೆಗಳಲ್ಲಿ ಪ್ರತ್ಯೇಕ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆ ಅಮೆರಿಕೆಯನ್ನು ಸುತ್ತಿ ಬಂದು, 1930ರ ದಶಕದಲ್ಲಿ ವಿ. ವಿ. ಕಾಮತರ ಕೈಯಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವ ರೂಪ ತಾಳಿತು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಅದನ್ನು ಇಂದಿಗೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಭಾಷಾಂತರಿಸಿದರಷ್ಟೇ ಸಾಲದು, ಮಗು ಕಂಡುಂಡ ವಸ್ತುಗಳನ್ನೇ ಮುಂದಿಡಬೇಕೆಂಬ ಎಚ್ಚರ ಕಾಮತರಿಗೆ ಆ ಕಾಲಕ್ಕೇ ಇತ್ತು. ಆ ಎಚ್ಚರವನ್ನು ಮುಂದುವರಿಸಿ, ಕನ್ನಡದ ಪರೀಕ್ಷೆಯನ್ನು ತುಳು ಮನೆಯ ಮಗುವಿನ ಮುಂದಿಡುವಾಗ ಏನಾಗುತ್ತದೆಂದು ಯಾರಾದರೂ ಕೇಳಬೇಕಷ್ಟೆ.

ಆ ಶನಿವಾರ ನಾನು ಕಂಡದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಟೀಚರು ತಮ್ಮ ಚೀಲದಿಂದ ಕಿಟ್ಟಿನ ಡಬ್ಬಿ ತೆಗೆದು, ಕೆಂಪು, ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ಮಣಿಗಳನ್ನು ಜಗಲಿಯ ಮೇಲೆ ಸುರಿದು, ಬಣ್ಣಬಣ್ಣ ಬೇರೆ ಮಾಡೆಂದು ಹುಡುಗನಿಗೆ ಹೇಳಿದರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಬಲಗೈ ಎದೆಗೆ ಅಂಟಿಕೊಂಡಿದೆ, ಎಡಗೈ ಹೇಳಿದಂತೆ ಕೇಳಲು ಹೊತ್ತು ಹಿಡಿಯುತ್ತದೆ, ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ಅವನು ಮಣಿಗಳನ್ನು ಒಮ್ಮೆ ನೋಡಿ ಮುಖ ತಿರುಗಿಸಿದ. ಟೀಚರು ಎರಡು ಸಲ ರಮಿಸಿದರು. ‘ಬಣ್ಣಗಳನ್ನು ಗುರುತಿಸುವುದಿಲ್ಲ’ ಎಂದು ಪುಸ್ತಕದಲ್ಲಿ ಗುರುತು ಹಾಕಲು ಪೆನ್ನು ತೆಗೆದದ್ದೂ ಆಯಿತು. ಅಷ್ಟರಲ್ಲಿ ಜಗಲಿಯ ಇನ್ನೊಂದು ತುದಿಯಲ್ಲಿ ಸುಲಿದ ಅಡಿಕೆಯ ರಾಶಿಯ ಮುಂದೆ ಕೂತಿದ್ದ ಅಜ್ಜಿ ಒಂದು ಬೊಗಸೆ ಚಾಲಿ ಅಡಿಕೆಯನ್ನು ಹುಡುಗನ ಮುಂದೆ ಹಾಕಿದರು. ಹುಡುಗ ಬಗ್ಗಿದ. ಎಡಗೈ ನಿಧಾನವಾಗಿ, ದಾರಿಯಲ್ಲಿ ಎರಡು ಸಲ ನಡುಗಿ, ಒಂದು ಅಡಿಕೆಯ ಮೇಲೆ ಬಂದು ಕೂತಿತು. ಅದನ್ನು ಬಲಕ್ಕೆ ದೂಡಿದ. ಮತ್ತೊಂದನ್ನು ಎಡಕ್ಕೆ. ಒಂದನ್ನು ಮುಟ್ಟಿದೊಡನೆ ಮುಖ ಕಿವುಚಿ ಅಂಗಳಕ್ಕೇ ತಳ್ಳಿದ. "ಅದು ಕೋಕ" ಎಂದರು ಅಜ್ಜಿ, ತಲೆಯೆತ್ತದೆ, "ಪಟೋರ ಬೇರೆ, ಒಳ್ಳೆದು ಬೇರೆ. ಕೋಕ ಬಂದ್ರೆ ಅವನಿಗೆ ಕೋಪ ಬರ್ತದೆ." ಒಡೆದ ಅಡಿಕೆ ಮತ್ತು ಒಳಗೆ ಕೆಟ್ಟ ಅಡಿಕೆಯ ವ್ಯತ್ಯಾಸವನ್ನು ನಾನು ಅರುವತ್ತು ವರ್ಷ ಈ ಜಿಲ್ಲೆಯ ಅನ್ನ ತಿಂದೂ ಹೊರಗಿನಿಂದ ಗುರುತಿಸಲಾರೆ. ಟೀಚರು ಪೆನ್ನಿನ ಮುಚ್ಚಳ ಹಾಕಿದರು. ಅದು ಅವರ ದೊಡ್ಡತನ. ಗುರುತು ಹಾಕಿ ಎದ್ದುಹೋಗುವವರೂ ಇದ್ದಾರೆ.

ಇಂಥ ಶಿಕ್ಷಕರು ತಯಾರಾಗುವುದು ಎಲ್ಲಿ? ಕನ್ನಡ ನಾಡಿಗೆ ಈ ವಿದ್ಯೆ ಹೊಸತೇನಲ್ಲ. ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಮೈಸೂರಿನಲ್ಲಿ 1901ರಲ್ಲೇ ಆರಂಭವಾಯಿತು, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ ನಗರದಲ್ಲಿ 1965ರಲ್ಲಿ ತಲೆಯೆತ್ತಿ ಕಿವುಡ ಮಕ್ಕಳ ಶಿಕ್ಷಕರನ್ನೂ ತಯಾರಿಸುತ್ತ ಬಂದಿದೆ. 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಡಿ.ಎಡ್. ಅಥವಾ ಬಿ.ಎಡ್. ಪಡೆದು, ಅದರ ನೋಂದಣಿಯಲ್ಲಿ ಹೆಸರು ಬರೆಸಿಕೊಂಡವರೇ ವಿಶೇಷ ಶಿಕ್ಷಕರು. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕಾಗಿ ಸಿಆರ್‌ಇ ಎಂಬ ಮುಂದುವರಿಕೆ ತರಗತಿಗಳ ಅಂಕಗಳು. ಪುತ್ತೂರು, ಸುಳ್ಯ, ಕಡಬಗಳ ತರುಣಿಯೊಬ್ಬಳು ಇದಕ್ಕಾಗಿ ಮಂಗಳೂರಿಗೋ ಮೈಸೂರಿಗೋ ಹೋಗಿ, ಅಲ್ಲಿ ನಗರದ ಮಟ್ಟಸ ನೆಲದ ಶಾಲೆಗಳಲ್ಲೇ ಪಾಠಾಭ್ಯಾಸ ಮಾಡಿ ಬರುತ್ತಾಳೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ, ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ವಿಧಿಸಿತು. ನಾನು ಕಂಡ ಟೀಚರಿಗೆ ಇಷ್ಟೇ ಮಕ್ಕಳೆಂಬ ಲೆಕ್ಕವಿಲ್ಲ, ಇಷ್ಟೇ ಮೆಟ್ಟಿಲುಗಳೆಂಬ ಲೆಕ್ಕವೂ ಇಲ್ಲ.

ಇಟಲಿ ದೇಶದವರು 1977ರಲ್ಲಿ 517ನೆಯ ಕಾನೂನಿನಿಂದ ಪ್ರತ್ಯೇಕ ತರಗತಿಗಳನ್ನೇ ಎತ್ತಿಹಾಕಿ, ವೈಕಲ್ಯವಿರುವ ಮಕ್ಕಳನ್ನು ಸಾಮಾನ್ಯ ತರಗತಿಗೆ ತಂದು, ಅಲ್ಲಿ ಎರಡನೆಯ ಶಿಕ್ಷಕರನ್ನು ನಿಲ್ಲಿಸಿದರು. ಈ ಬೆಂಬಲ ಶಿಕ್ಷಕ ಒಂದು ಮಗುವಿನ ಬೆನ್ನಿಗೆ ಅಂಟಿಕೊಂಡವನಲ್ಲ, ಇಡೀ ತರಗತಿಗೆ ಸೇರಿದವನು ಎಂಬ ಅವರ ನಿಯಮ ನನಗೆ ಬಹಳ ಹಿಡಿಸಿದೆ. ಆದರೆ ಹಾಗೆ ಮಾಡಲು ಮಗು ಮೊದಲು ತರಗತಿಯನ್ನು ಮುಟ್ಟಬೇಕಲ್ಲ. ನಮ್ಮ ಗುಡ್ಡಗಳಿಗೆ ಇಟಲಿಗಿಂತ ಹತ್ತಿರದ ಬಂಧು ಮೆಕ್ಸಿಕೋದ ಸಿಯೆರಾ ಮಾದ್ರೆ ಪರ್ವತದ ಅಹೋಯಾ ಎಂಬ ಕುಗ್ರಾಮ. ಆರೋಗ್ಯ ಕಾರ್ಯಕರ್ತ ಡೇವಿಡ್ ವರ್ನರ್ ಅಲ್ಲಿಯ ಹಳ್ಳಿಗರೊಡನೆ, ಅವರಲ್ಲೂ ಸ್ವತಃ ಅಂಗವಿಕಲರಾದವರೊಡನೆ ದುಡಿದು 1987ರಲ್ಲಿ ಹೊರತಂದ ‘ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್’ ಎಂಬ ದೊಡ್ಡ ಪುಸ್ತಕದಲ್ಲಿ, ಬಿದಿರಿನಿಂದ ನಡೆಗೋಲು, ಹಳೆಯ ಟಯರಿನಿಂದ ಚಪ್ಪಲಿ, ಮಣ್ಣಿನಲ್ಲಿ ಗುಂಡಿ ತೋಡಿ ಮಗುವನ್ನು ನೆಟ್ಟಗೆ ಕೂರಿಸುವ ಉಪಾಯ ಮೊದಲಾದವು ಸರಳ ರೇಖಾಚಿತ್ರಗಳಲ್ಲಿವೆ. ಅಡಿಕೆಮರದ ದಬ್ಬೆಯಲ್ಲಿ ಎರಡು ಸಮಾಂತರ ಅಳಿಗಳನ್ನು ಅಂಗಳದಲ್ಲಿ ನೆಟ್ಟರೆ ಮಗು ಹಿಡಿದು ನಡೆಯಬಹುದು. ಪೇಟೆಯ ಆಸ್ಪತ್ರೆಯಲ್ಲಿ ಇದೇ ಸ್ಟೀಲಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಪ್ರಕಟಿಸಿದ ಸಮುದಾಯ ಪುನರ್ವಸತಿಯ ಕೈಪಿಡಿಯ ಕರ್ತೃಗಳಲ್ಲೊಬ್ಬರಾದ ಪದ್ಮನಿ ಮೆಂಡಿಸ್ ಸಿಂಹಳದ್ವೀಪದವರು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಅದೇ ದ್ವೀಪದಿಂದ ಮರಳಿ ಬಂದು ಸುಳ್ಯ–ಪುತ್ತೂರುಗಳ ರಬ್ಬರು ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳ ಲೈನುಮನೆಗೆ ಆ ಕೈಪಿಡಿ ಜಿನೀವಾವನ್ನು ಸುತ್ತಿಕೊಂಡು ಬರಬೇಕಾಗಿದೆಯೆಂಬುದು ವಿಧಿಯ ಒಂದು ಸಣ್ಣ ವಿನೋದ.

ವಿಶ್ವಸಂಸ್ಥೆಯ ಒಡಂಬಡಿಕೆಯ 24ನೆಯ ವಿಧಿಯಲ್ಲಿ ಯಾರೂ ಹೆಚ್ಚು ಓದದ ಒಂದು ಮಾತಿದೆ: ಶಿಕ್ಷಕರನ್ನು ನೇಮಿಸುವಾಗ ಸ್ವತಃ ಅಂಗವಿಕಲರಾದವರನ್ನೂ ನೇಮಿಸಬೇಕು. ನಮ್ಮ 2016ರ ಕಾಯಿದೆಯ 17ನೆಯ ಪರಿಚ್ಛೇದವೂ ಅದನ್ನು ಎತ್ತಿಕೊಂಡಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ಕನ್ನಡಿಗನಿಗೆ ಇದರಲ್ಲಿ ಆಶ್ಚರ್ಯವೇನಿದೆ? ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು, ಕಾಣದ ಎಷ್ಟು ಮಕ್ಕಳನ್ನು ಸಂಗೀತಗಾರರನ್ನಾಗಿಸಿ ಬದುಕಿಗೆ ದಾಟಿಸಿದರು! ಇಂದು ನಮ್ಮ ಗ್ರಾಮ ಪಂಚಾಯತುಗಳಲ್ಲಿ ಅಂಗವಿಕಲರೇ ಆದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯು ಎಂದರೆ ಊರವರಿಗೆ ತಿಳಿಯುತ್ತದೆ. ಅಲ್ಪ ಗೌರವಧನಕ್ಕೆ ಕಾರ್ಡು, ಪಿಂಚಣಿಗಳ ಅರ್ಜಿ ತುಂಬಿಸುತ್ತ ಓಡಾಡುವ ಇವರಿಗೆ ಯಾವ ಮನೆಯ ಯಾವ ಮೂಲೆಯಲ್ಲಿ ಯಾವ ಮಗುವಿದೆಯೆಂಬುದು ಗೊತ್ತು, ಆ ಮನೆಯ ಮೆಟ್ಟಿಲನ್ನು ಊರುಗೋಲಿನಲ್ಲಿ ಹತ್ತುವುದು ಹೇಗೆಂಬುದೂ ಗೊತ್ತು. ಶಿಕ್ಷಕರ ತರಬೇತಿಯಲ್ಲಿ ಇವರನ್ನು ಒಂದು ದಿನದ ‘ಅನುಭವ ಹಂಚಿಕೆ’ಗೆ ಕರೆದು, ಶಾಲು ಹೊದಿಸಿ ಕಳುಹಿಸುವ ಬದಲು, ತಿಂಗಳೊಪ್ಪತ್ತು ಗುರುಗಳನ್ನಾಗಿ ಕೂರಿಸಿದರೆ ಬರುವ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲದ್ದು.

ದಾಟುವುದರ ಮಾತು ಬಂದಾಗ ಸುಳ್ಯದವರು ಗಿರೀಶ ಭಾರದ್ವಾಜರನ್ನು ನೆನೆಯದೆ ಇರುವುದಿಲ್ಲ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದ ಈ ಎಂಜಿನಿಯರು, ಅನಂತರ ಹಲವು ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕಿ ಅಂಥ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂದಿತು. ಮಳೆಗಾಲದಲ್ಲಿ ಶಾಲೆ ಬಿಡುತ್ತಿದ್ದ ಎಷ್ಟೋ ಮಕ್ಕಳು ಆ ತೂಗುವ ಹಲಗೆಗಳ ಮೇಲೆ ನಡೆದು ಎಸೆಸೆಲ್ಸಿ ಮುಗಿಸಿದ್ದಾರೆ. ಆ ಸೇತುವೆಗಳಲ್ಲಿ ನನಗೆ ಕಾಣುವ ಗುಣವೆಂದರೆ, ಮೊದಲು ಹೊಳೆಯನ್ನು ನೋಡಿ ಆಮೇಲೆ ಸೇತುವೆಯ ನಕ್ಷೆ ಬರೆದದ್ದು. ಕಾಲ್ನಡಿಗೆಯವರಿಗೆ ಒದಗಿದ ಈ ಉಪಾಯ ಗಾಲಿಯವರಿಗೆ ಇನ್ನೂ ಒದಗಿಲ್ಲ. ಹಲವು ಸೇತುವೆಗಳ ಎರಡೂ ತುದಿಗಳಲ್ಲಿ ಮೆಟ್ಟಿಲುಗಳಿವೆ.

ಆ ಮನೆಗೆ ನಾನು ಮತ್ತೊಮ್ಮೆ ಹೋದದ್ದು ದೀಪಾವಳಿ ಕಳೆದ ಮೇಲೆ. ಗಾಲಿಕುರ್ಚಿಯ ಮೇಲಿನ ಹಾಳೆ ಇಳಿದಿತ್ತು. ಹುಡುಗ ಅದರಲ್ಲಿ ಕುಳಿತು ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಬರುವ ಕೋಳಿಗಳನ್ನು ಗದರಿಸುತ್ತಿದ್ದ. ಟೀಚರು ಮಾವನ ಕೈಯಲ್ಲಿ ದೋಟಿ ಹಿಡಿಸಿ, ಅದರ ಅಳತೆಯಲ್ಲಿ, ಮೆಟ್ಟಿಲಿನ ಕಡೆಯನ್ನು ಬಿಟ್ಟು ತೋಟದ ಹಿಂಬದಿಯ ಏರನ್ನು ಅಳೆಯುತ್ತಿದ್ದರು. ಆಚೆಮನೆಯವರ ತೋಟಕ್ಕೆ ಗೊಬ್ಬರದ ಪಿಕಪ್ಪು ಇಳಿಯಲೆಂದು ಮಾಡಿದ ಮಣ್ಣಿನ ದಾರಿಯೊಂದು ಅಲ್ಲಿ ಗುಡ್ಡವನ್ನು ಬಳಸಿಕೊಂಡು ಸಾವಕಾಶವಾಗಿ ರಸ್ತೆಗೆ ಏರುತ್ತದೆ. ಒಂದಕ್ಕೆ ಹನ್ನೆರಡಲ್ಲ, ಒಂದಕ್ಕೆ ಎಂಟೋ ಒಂಬತ್ತೋ ಇದ್ದೀತು, ಹಿಂದಿನಿಂದ ಒಬ್ಬರು ದೂಡಬೇಕು, ಆದರೆ ದೂಡಬಹುದು. ಅಡ್ಡವಿರುವುದು ಎರಡು ಮನೆಗಳ ಗಡಿಯ ಬೇಲಿಯಲ್ಲಿನ ತಡಮೆ. ದನ ದಾಟದಂತೆ, ಮನುಷ್ಯ ಕಾಲೆತ್ತಿ ದಾಟುವಂತೆ ಕಟ್ಟಿದ ಆ ಕವಲುಗಂಬಗಳ ನಡುವೆ ಗಾಲಿ ಹೋಗುವುದಿಲ್ಲ. ಅದನ್ನು ಕಿತ್ತು ಉಣುಗೋಲು ಹಾಕಿದರೆ ಆಯಿತು. ಬೇಕಾದಾಗ ಕೋಲು ಸರಿಸಿ ಕುರ್ಚಿಯನ್ನು ದಾಟಿಸಬಹುದು. ಗಡಿಯ ವಿಚಾರದಲ್ಲಿ ಎರಡು ಮನೆಗಳ ನಡುವೆ ಮಾತು ನಿಂತು ಆರು ವರ್ಷವಾಗಿತ್ತಂತೆ.

ಟೀಚರು ಬೇಲಿಯ ಈಚೆಯಿಂದಲೇ ಕೂಗಿ ಕರೆದರು. ಆಚೆಮನೆಯಾತ ತಲೆಗೆ ಮುಟ್ಟಾಳೆ ಇಟ್ಟುಕೊಂಡು ಬಂದು, ತಡಮೆಗೆ ಒರಗಿ, ಎಲ್ಲವನ್ನೂ ಕೇಳಿಸಿಕೊಂಡ. ಕುರ್ಚಿಯನ್ನು ನೋಡಿದ, ಹುಡುಗನನ್ನು ನೋಡಿದ, ಅಜ್ಜಿಯ ಕಡೆ ಮಾತ್ರ ನೋಡಲಿಲ್ಲ.

"ಒಂದು ಕೊಯ್ಲು ಮುಗೀಲಿ ಟೀಚರೇ" ಎಂದ. "ಮತ್ತೆ ನೋಡುವ."